ಹದಿನೇಳು ಎಫ್ ಸೀಟಿನ ನಾಮಿನಿ

"ಈ ಹಂಪೇಶ್ ಯಾರು?"

ಕೇಳಿದ್ದು ಸುಮ್ಮನೆ. ಬಳ್ಳಾರಿ ಬ್ರೂಸ್‌ಪೇಟೆಯ ತನ್ನ ಟಿಕೆಟ್ ಅಂಗಡಿಯಲ್ಲಿ ಸಂಗಮೇಶ್ ಪ್ರಿಂಟರಿಗೆ ಸಿಕ್ಕಿಕೊಂಡ ಹಾಳೆ ಎಳೆಯುತ್ತಿದ್ದ. ಅವನ ಮೇಜಿನ ಮೇಲೆ ಬೇರೆ ಯಾರದೋ ಟಿಕೆಟ್ ಬಿದ್ದಿತ್ತು. ಕಣ್ಣಿಗೆ ಕೆಲಸ ಇಲ್ಲದಾಗ ಕಂಡವರ ಕಾಗದ ಓದುವುದು ನನ್ನ ಹಳೆಯ ಚಾಳಿ. ಪ್ರಯಾಣಿಕ: ಮರಿಬಸಪ್ಪ. ಊರು: ಮೋಕ. ವಿಮೆಯ ನಾಮಿನಿ: ಹಂಪೇಶ್. ಸಂಬಂಧ: ಇತರೆ.

"ಆಟೋ ಹೊಡೀತಾನ್ರಿ ಮೇಡಮ್ಮೋರೆ. ಇಲ್ಲೇ ಸ್ಟ್ಯಾಂಡಿನಾಗ ಇರ್ತಾನ."

"ಅಂದ್ರ ಮರಿಬಸಪ್ಪ ಸತ್ರ ಐದು ಲಕ್ಷ ಆಟೋದವ್ನಿಗೆ ಹೋಗ್ತಾವೇನು?"

ಸಂಗಮೇಶ್ ಹಲ್ಲು ಕಿರಿದ. "ಹಂಗಲ್ರಿ. ನಾಮಿನಿ ಜಾಗ ಖಾಲಿ ಬಿಟ್ರ ಕಂಪ್ಯೂಟರ್ ಮುಂದಕ್ಕ ಹೋಗಂಗಿಲ್ಲ. ಹಳ್ಳ್ಯಾಗಿನ ಮಂದಿ ಯಾರ ಕೈಯಾಗೋ ಆಧಾರ್ ಜೆರಾಕ್ಸ್ ಕೊಟ್ಟು ಕಳಸ್ತಾರ. ಫೋನ್ ಹಚ್ಚಿ ನಿಮ್ಮ ನಾಮಿನಿ ಯಾರ್ರಿ ಅಂತ ಕೇಳಿದ್ರ, ನಾ ಏನ್ ಸಾಯಾಕ ಹೊಂಟೀನೇನಲೇ ಅಂತ ಬೈತಾರ. ಅದಕ್ಕ, ಜೆರಾಕ್ಸ್ ಹಿಡ್ಕೊಂಡು ನನ್ನ ಮುಂದ ಯಾರು ನಿಂತಿರ್ತಾರ ನೋಡ್ರಿ, ಅವ್ರ ಹೆಸರು ಬರ್ದು ಬಿಡ್ತೀನಿ."

"ಎಲ್ಲಾರ್ಗೂ?"

"ಎಲ್ಲಾರ್ಗೂ ರೀ. ಎಂಟು ವರ್ಷದಿಂದ."

ಹಾಳೆ ಕೊನೆಗೂ ಹೊರಗೆ ಬಂತು. ತಿಪ್ಪೇಸ್ವಾಮಿ, ಸಿರುಗುಪ್ಪ. ಹೈದರಾಬಾದಿನಿಂದ ವಾರಾಣಸಿ. ಸೀಟು ಹದಿನೇಳು ಎಫ್. ನಾಮಿನಿ: ವಿಜಯಲಕ್ಷ್ಮಿ. ಸಂಬಂಧ: ಹೆಂಡತಿ.

ಈ ಕಾಗದವನ್ನು ನಾನು ಈ ಮೊದಲೇ ಮೂರು ಸಲ ನೋಡಿದ್ದೆ. ಪೊಲೀಸರೂ ನೋಡಿದ್ದರು. ಗಂಡನ ಟಿಕೆಟ್ಟಿನಲ್ಲಿ ಹೆಂಡತಿಯ ಹೆಸರಿದ್ದರೆ ಯಾರ ಕಣ್ಣು ಅಲ್ಲಿ ನಿಲ್ಲುತ್ತದೆ ಹೇಳಿ?

ಸಿರುಗುಪ್ಪದ ನರ್ಸಿಂಗ್ ಹೋಮ್ ಒಂದರ ಲ್ಯಾಬಿನಲ್ಲಿ ಕೆಲಸ ಮಾಡುವ ಈ ತಿಪ್ಪೇಸ್ವಾಮಿ, ಕುರುಗೋಡಿನ ನಲವತ್ತೊಂದು ಜನರ ಹೆಸರಿನಲ್ಲಿ ಸುಳ್ಳು ಜ್ವರದ ಸರ್ಟಿಫಿಕೇಟು ಬರೆಸುತ್ತಿದ್ದವರ ವಿಷಯ ಹೇಳುತ್ತೇನೆಂದು, ವಿಮಾ ಕಂಪನಿಗೆ ತನಿಖೆ ಮಾಡುವ ನನಗೆ, ಸೋಮವಾರದ ಹೊತ್ತು ಕೊಟ್ಟಿದ್ದ. ಕಾಗದದ ಪ್ರಕಾರ ಭಾನುವಾರವೇ ವಿಮಾನ ಹತ್ತಿ ಮಾಯವಾದ. ಇವತ್ತಿಗೆ ಒಂಬತ್ತು ದಿನ. "ಹಾರಿ ಹೋದೋನ್ನ ಎಲ್ಲಿ ಹುಡುಕೋಣ ಮೇಡಂ" ಎಂದು ಠಾಣೆಯವರು ಕೈ ತೊಳೆದುಕೊಂಡಿದ್ದರು. ಅವನು ಹಾರಿಲ್ಲ, ಇಲ್ಲೇ ಎಲ್ಲೋ ಇದ್ದಾನೆ, ಬದುಕಿದ್ದಾನೋ ಇಲ್ಲವೋ ಗೊತ್ತಿಲ್ಲ ಎಂದು ಒದ್ದಾಡುತ್ತಿದ್ದವಳು ನಾನೊಬ್ಬಳೇ. ನನಗೆ ಮಾತು ಕೊಟ್ಟದ್ದಕ್ಕೇ ಅವನ ಜೀವಕ್ಕೆ ಕುತ್ತು ಬಂತು ಎಂಬುದೇ ನನ್ನ ಸಂಕಟ.

"ಸಂಗಮೇಶ್, ಇವನ ಜೆರಾಕ್ಸ್ ತಂದೋರು ಯಾರು?"

ಅವನು ಹೇಳಲು ಬಾಯಿ ತೆರೆದ. ತಾನು ಈಗಷ್ಟೇ ಏನು ಹೇಳಿದೆ ಎಂದು ಹೊಳೆದಿರಬೇಕು, ಬಾಯಿ ಹಾಗೇ ಉಳಿಯಿತು.

"ಒಬ್ಬ ಹೆಣ್ಮಗಳು ಬಂದಿದ್ರು. ಗಂಡನ ಹೆಸರು ಹೇಳ್ಲಿಲ್ಲ, ಜೆರಾಕ್ಸ್ ಮುಂದಕ್ಕ ತಳ್ಳಿದ್ರು. ನಿಮ್ಮ ಹೆಸರೇನ್ರಿ ಅಂತ ಕೇಳಿ ಬರಕೊಂಡೆ."

"ಪೊಲೀಸ್ರಿಗೆ ಯಾಕ ಹೇಳ್ಲಿಲ್ಲ?"

"ಟಿಕೆಟ್ ನಿನ್ನ ಅಂಗಡೀದಾ ಅಂದ್ರು, ಹೌದಂದೆ. ವಿಮಾನ ಹತ್ಯಾನಾ ಅಂದ್ರು, ಹತ್ಯಾನ ಅಂತ ತೋರಸ್ತೈತಿ ಅಂದೆ. ಮತ್ತೇನೂ ಕೇಳ್ಲಿಲ್ಲಲ್ರಿ!"

ಕಪಾಳಕ್ಕೆ ಬಿಗಿಯಬೇಕು ಅನ್ನಿಸಿತು. ಅವನಿಗಲ್ಲ, ನನಗೆ. ನನ್ನ ಹತ್ತಿರ ಅತ್ತು ಕರೆದು, ದೇವರ ಫೋಟೋದ ಮೇಲೆ ಕೈಯಿಟ್ಟು, ಟಿಕೆಟ್ ವಿಷಯ ಪೊಲೀಸರು ಹೇಳುವ ತನಕ ತನಗೆ ಗೊತ್ತೇ ಇರಲಿಲ್ಲ ಎಂದವಳು ಇದೇ ವಿಜಯಲಕ್ಷ್ಮಿ. ನಾನು ನಂಬಿ, ಅವಳ ಬೆನ್ನು ಸವರಿ ಬಂದಿದ್ದೆ.

"ಇದರ ಜೊತಿ ಮತ್ತೇನೇನು ಹಚ್ಚಿದ್ದಿ?"

"ಎಲ್ಲಾ ಹಚ್ಚೀನಿ." ಸಂಗಮೇಶ್ ದನಿ ಸಣ್ಣದಾಯಿತು. "ಬರೇ ಟಿಕೆಟ್ ಮಾರಿದ್ರ ನಂಗ ಚಾ ಖರ್ಚೂ ಹುಟ್ಟಂಗಿಲ್ರಿ. ವಿಮಾನದೋರ್ದೂ ಅದೇ ಕತಿ. ಸೀಟಿನಾಗ ಉಳಿಯೋದು ಕಮ್ಮಿ. ಟಿಕೆಟ್ಟಿನ ಬೆನ್ನಿಗೆ ರದ್ದಾದ್ರ ವಿಮೆ, ತಡ ಆದ್ರ ವಿಮೆ, ಸತ್ರ ವಿಮೆ, ಕಂತಿನ ಸಾಲ, ಬ್ಯಾಂಕಿನ ಕಾರ್ಡು ಅಂತ ಅಂಟಿಸ್ತಾರ ನೋಡ್ರಿ, ಜೀವ ಇರೋದು ಅದರಾಗ. ಟಿಕ್ ಮೊದ್ಲೇ ಬಿದ್ದಿರ್ತೈತಿ. ನಾ ತಗ್ಯಂಗಿಲ್ಲ, ಗಿರಾಕಿ ನೋಡಂಗಿಲ್ಲ."

ಅಂಥದೇ ಟಿಕ್ಕುಗಳಿಂದ ಕುರುಗೋಡಿನ ನಲವತ್ತೊಂದು ಮನೆಗಳಿಗೆ ಸಾಲದ ನೋಟೀಸು ಹೋಗಿತ್ತು. ಅವರ ಹೆಸರಿನಲ್ಲಿ ಯಾರೋ ಕಂತಿನ ಸಾಲದ ಮೇಲೆ ಟಿಕೆಟ್ ತೆಗೆಸಿದ್ದರು. ಪ್ರಯಾಣಿಕರಿಗೆ ಜ್ವರವೆಂದು ಸರ್ಟಿಫಿಕೇಟು ಕೊಟ್ಟು, ಟಿಕೆಟ್ ರದ್ದು ಮಾಡಿಸಿ, ವಿಮೆಯ ಹಣ ನುಂಗಿದ್ದರು. ಸಾಲ ಮಾತ್ರ ವಿಮಾನದ ಮುಖ ನೋಡದವರ ತಲೆಯ ಮೇಲೆ ಕೂತಿತ್ತು.

"ತಡ ಆದ್ರ ವಿಮೆ ಅಂದ್ಯಲ್ಲ. ಅವತ್ತಿನ ವಿಮಾನ ಹೊತ್ತಿಗೆ ಸರಿಯಾಗಿ ಹೋತೇನು?"

ಸಂಗಮೇಶ್ ಕೀಲಿಗಳ ಮೇಲೆ ಬೆರಳಾಡಿಸಿ, ಪರದೆಯನ್ನು ನನ್ನ ಕಡೆ ತಿರುಗಿಸಿದ. ವಿಮಾನ ಮೂರು ತಾಸು ತಡ. ಹದಿನೇಳು ಎಫ್ ಸೀಟಿಗೆ ಪರಿಹಾರ ಸಾವಿರದೈನೂರು ರೂಪಾಯಿ. ಪಾವತಿಯಾಗಿದೆ. ಪಡೆದ ಖಾತೆ: ಮೂಕಪ್ಪ. ಶಾಖೆ: ಕುರುಗೋಡು.

"ಇದೇನ್ರಿ, ಹತ್ತಿದೋನು ತಿಪ್ಪೇಸ್ವಾಮಿ, ರೊಕ್ಕ ಮೂಕಪ್ಪಗ?" ಎಂದ ಸಂಗಮೇಶ್.

"ಹತ್ತಿದೋನೇ ಮೂಕಪ್ಪ," ಎಂದೆ. ಕಾರಿನ ಕೀಲಿ ಕೈಗೆ ಬಂದದ್ದು ಗೊತ್ತಾಗಲಿಲ್ಲ, ಅಷ್ಟು ಸಿಟ್ಟು ಬಂದಿತ್ತು.

ಬ್ರೂಸ್‌ಪೇಟೆಯ ಗಲ್ಲಿಗಳಿಂದ ಕಾರು ಹೊರಗೆ ತರುವುದರಲ್ಲಿ ಅರ್ಧ ಜೀವ ಹೋಯಿತು. ತಳ್ಳುಗಾಡಿ, ಹಮಾಲರು, ಅಡ್ಡ ನಿಲ್ಲಿಸಿದ ಲಾರಿ. ಏಸಿ ಹಾಕಿದರೆ ಏರು ಹತ್ತದ ಕಾರು ನನ್ನದು. ಕಿಟಕಿ ಇಳಿಸಿದರೆ ಬಿಸಿಲು ಮುಖಕ್ಕೆ ರಾಚುತ್ತದೆ. ಊರು ದಾಟಿದ ಮೇಲೆ ಚನ್ನಬಸವರಾಜ ಅವರಿಗೆ ಫೋನ್ ಹಚ್ಚಿದೆ.

ಚನ್ನಬಸವರಾಜ ನಮ್ಮ ವಿಮಾ ಕಂಪನಿಯ ಬಳ್ಳಾರಿ ಕಚೇರಿಯ ಕ್ಲೇಮ್ ಅಧಿಕಾರಿ. ನಾನು ತನಿಖೆ ಮಾಡಿ ವರದಿ ಕೊಡುವುದು ಅವರಿಗೇ. ಹಣೆಯ ವಿಭೂತಿ ಎಂದೂ ತಪ್ಪಿಸದವರು, ಹನ್ನೆರಡು ವರ್ಷದ ಪರಿಚಯ. ನನ್ನ ಯಜಮಾನರು ತೀರಿಕೊಂಡಾಗ ಆಸ್ಪತ್ರೆಯ ಕಾಗದಗಳಿಗೆಲ್ಲ ಓಡಾಡಿದವರು.

"ಸರ್, ತಿಪ್ಪೇಸ್ವಾಮಿ ವಿಮಾನ ಹತ್ತಿಲ್ರಿ. ಪುರಾವೆ ಸಿಕ್ಕತಿ."

"ಹೌದಾ? ಹೆಂಗ ಸುನಂದಮ್ಮಾ?"

ಒಂದೂ ಬಿಡದೆ ಹೇಳಿದೆ. ನಾಮಿನಿ, ಜೆರಾಕ್ಸ್, ಹೆಂಡತಿ ಬ್ರೂಸ್‌ಪೇಟೆಗೆ ಬಂದದ್ದು, ಸಾವಿರದೈನೂರು, ಮೂಕಪ್ಪನ ಹೆಸರು. ಬುದ್ಧಿವಂತಿಕೆ ಮಾಡಿದ ದಿನ ಬಾಯಿ ನಿಲ್ಲುವುದಿಲ್ಲ ನನಗೆ.

"ಶಭಾಷ್!" ಎಂದರು. "ಆ ಮೂಕಪ್ಪ ಕುರುಗೋಡಿನಾಗ ಎಲ್ಲಿರ್ತಾನ?"

"ಗೊತ್ತಿಲ್ರಿ. ಸಿರುಗುಪ್ಪಕ್ಕ ಹೊಂಟೀನಿ, ಹೆಂಡ್ತಿ ಬಾಯಿಂದ್ಲೇ ಬಿಡಸ್ತೀನಿ. ಅವಳ ತವರುಮನಿ ಕುರುಗೋಡೇ ಅಲ್ರೀ, ಬಸ್ ಸ್ಟ್ಯಾಂಡಿನ ಹಿಂದ. ಅಲ್ಲೇ ಏನೋ ಐತಿ. ನೀವು ಪೊಲೀಸ್ರಿಗೆ ಒಂದು ಮಾತು ಹೇಳ್ತೀರಾ?"

"ನಾ ಹೇಳ್ತೀನಿ. ನೀವು ಆರಾಮ ಹೋಗ್ರಿ. ಬಿಸಿಲೈತಿ, ಜೋರ್ ಓಡಿಸ್ಬ್ಯಾಡ್ರಿ."

ದಾರಿಯುದ್ದಕ್ಕೂ ಅರ್ಧ ರಸ್ತೆಯ ಮೇಲೆ ಭತ್ತ ಹರವಿದ್ದರು. ನಿಧಾನವಾಗಿಯೇ ಹೋದೆ. ಕಾಲುವೆಯ ಏರಿ ಕಂಡಾಗಲೆಲ್ಲ ಕಣ್ಣು ನೀರಿನ ಕಡೆ ಹೋಗುತ್ತಿತ್ತು. ಒಂಬತ್ತು ದಿನದಿಂದ ನನಗೆ ಇದೇ ರೋಗ.

ಸಿರುಗುಪ್ಪದ ಅಕ್ಕಿ ಗಿರಣಿಗಳ ಹಿಂದಿನ ಓಣಿಯಲ್ಲಿ ವಿಜಯಲಕ್ಷ್ಮಿಯ ಮನೆ. ತೌಡಿನ ಧೂಳು ಬಾಗಿಲವರೆಗೂ ಬರುತ್ತದೆ. ಅವಳು ಹೊಲಿಗೆ ಮಷಿನ್ನಿನ ಮುಂದೆ ಕೂತು ರವಿಕೆಯ ತೋಳು ಹೊಲಿಯುತ್ತಿದ್ದಳು.

"ಬರ್ರಿ ಅಕ್ಕಾರ. ಏನರ ಸುದ್ದಿ ತಿಳೀತೇನ್ರಿ?"

"ತಿಳೀತು. ಟಿಕೆಟ್ ತಗಸಿದಾಕಿ ನೀನು."

ಮಷಿನ್ನು ನಿಲ್ಲಲಿಲ್ಲ. "ಯಾರು ಹೇಳಿದ್ರು?"

"ಸಂಗಮೇಶ. ನೀನು ತಳ್ಳಿದ ಜೆರಾಕ್ಸ್ ಅವ್ನ ಹತ್ರ ಇನ್ನೂ ಐತಿ."

"ದಿನಾ ನೂರು ಮಂದಿ ಹೆಣ್ಮಕ್ಕಳು ಹೋಗ್ತಾರ ಅಲ್ಲಿಗೆ. ಯಾರನ್ನೋ ನೋಡಿರ್ಬೇಕು."

"ನಾಮಿನಿ ನಿನ್ನ ಹೆಸರು."

"ಹೆಂಡ್ತಿ ಹೆಸರು ಇರ್ದ ಮತ್ಯಾರ್ದು ಇರ್ಬೇಕ್ರಿ?"

ಕಾಲು ತುಳಿಯುತ್ತಲೇ ಇತ್ತು. ಆದರೆ ಹೊಲಿಗೆ ಬಟ್ಟೆಯ ಅಂಚು ಬಿಟ್ಟು ಎಲ್ಲೋ ಹೋಗುತ್ತಿತ್ತು. ನಾನು ಅವಳ ಎದುರಿಗೆ ಸ್ಟೂಲು ಎಳೆದುಕೊಂಡು ಕೂತೆ.

"ಮೂಕಪ್ಪ ಯಾರು?"

ಮಷಿನ್ನು ನಿಂತಿತು.

ಅವಳು ಬಟ್ಟೆಯನ್ನು ಸೂಜಿಯಿಂದ ಬಿಡಿಸದೆ ಹಾಗೇ ಹಿಡಿದು ಕೂತಳು.

"ನನ್ನ ತಮ್ಮ," ಎಂದಳು.

"ನಿನ್ನ ಗಂಡನ ಆಧಾರ್ ತಗೊಂಡು ನಿನ್ನ ತಮ್ಮ ವಿಮಾನ ಹತ್ಯಾನ. ವಿಮಾನ ತಡ ಆತು ಅಂತ ಪರಿಹಾರಾನೂ ಇಸ್ಕೊಂಡಾನ, ತನ್ನ ಸ್ವಂತ ಖಾತೆಗೆ."

"ಇಸ್ಕೊಂಡನಾ?" ಅವಳ ಕಣ್ಣು ದೊಡ್ಡದಾಯಿತು. ನಿಜವಾಗಿಯೂ ಗೊತ್ತಿರಲಿಲ್ಲ. ಹಣೆ ಚಚ್ಚಿಕೊಂಡಳು. "ಲೇ ಮೂಕಾ! ಸುಮ್ನ ಹೋಗಿ ಸುಮ್ನ ರೈಲಿನಾಗ ಬಾರಲೇ ಅಂದ್ರ..."

"ಸಾಲಿನಾಗ ನಿಂತ ಮಂದಿ ಎಲ್ಲಾ ಫೋನ್ ತೋರಿಸಿ ರೊಕ್ಕ ಬರಿಸ್ಕೊಂಡಿರ್ತಾರ, ಇವ್ನೂ ತೋರಿಸ್ಯಾನ. ಅದು ಹೋಗ್ಲಿ. ನನ್ನ ಮುಖ ನೋಡು ವಿಜಯಲಕ್ಷ್ಮೀ. ಅಕ್ಕ ತಮ್ಮ ಸೇರಿ ಆ ಮನುಷ್ಯನ್ನ ಏನ್ ಮಾಡಿದ್ರಿ?"

ಅವಳು ನನ್ನನ್ನೇ ನೋಡಿದಳು. ಆಮೇಲೆ ನಕ್ಕಳು. ನಗುವಿನಲ್ಲಿ ಸೊಕ್ಕಿತ್ತು. ನನಗೆ ಮೈ ಉರಿಯಿತು.

"ಏನ್ ಮಾಡಿದ್ವಿ? ಉಳಿಸ್ಕೊಂಡ್ವಿ."

"ಅಂದ್ರ?"

"ಬದುಕ್ಯಾರ್ರಿ. ನಮ್ಮವ್ವನ ಮನ್ಯಾಗ, ಮಾಳಿಗಿ ಮ್ಯಾಲಿನ ಖೋಲ್ಯಾಗ ಅದಾರ. ದಿನಾ ಎರಡು ಹೊತ್ತು ಉಣ್ತಾರ. ಅವ್ರನ್ನ ಕೊಲ್ಲಾಕ ಬರೋರು ಕಾಗದ ನೋಡಿ, ಹಕ್ಕಿ ಹಾರಿ ಹೋತು ಅಂತ ತಿಳ್ಕೊಂಡು ಸುಮ್ನಾಗ್ಲಿ ಅಂತ ಟಿಕೆಟ್ ತಗಸಿದ್ವಿ. ಆಧಾರ್ ಫೋಟೋದಾಗ ಯಾರ್ ಯಾರ್ನ ಗುರ್ತು ಹಿಡೀತಾರ್ರಿ? ಗಡ್ಡ ಇದ್ರ ಎಲ್ಲಾರೂ ಒಂದೇ."

ಬದುಕಿದ್ದಾನೆ.

ನನಗೆ ಕಣ್ಣು ತುಂಬಿತು. ಐವತ್ತನಾಲ್ಕು ವರ್ಷದ ಹೆಂಗಸು, ಪರರ ಮನೆಯಲ್ಲಿ, ಸ್ಟೂಲಿನ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡೆ. ನಾಚಿಕೆಯೂ ಆಗಲಿಲ್ಲ. ಒಂಬತ್ತು ದಿನ ಆ ಮನುಷ್ಯನ ಹೆಣವನ್ನು ನಾನು ಎಷ್ಟು ಕಾಲುವೆಗಳಲ್ಲಿ ತೇಲಿಸಿದ್ದೆನೋ ನನಗೇ ಗೊತ್ತು.

"ಇಷ್ಟು ದಿನ ನಂಗ್ಯಾಕ ಹೇಳ್ಲಿಲ್ಲವ್ವಾ? ನಾನೇನು ಹೊರಗಿನಾಕೇನು?"

"ನಿಮ್ಗ ಹೇಳಬಾರ್ದು ಅಂತ ಆಣಿ ಹಾಕಿಸ್ಕೊಂಡಾರ."

"ನಂಗ? ಯಾಕ?"

ವಿಜಯಲಕ್ಷ್ಮಿ ಎದ್ದು ಬಾಗಿಲು ಮುಂದೆ ಮಾಡಿ ಬಂದಳು. ಈಗ ಕೇಳುವ ಸರದಿ ಅವಳದು, ಕೂತು ಹೇಳುವ ಸರದಿ ನನ್ನದು ಆಗಿಬಿಟ್ಟಿತು.

"ನೀವು ಇಲ್ಲಿಗೆ ಬಂದಿದ್ದು ಶುಕ್ರವಾರ ಮಧ್ಯಾಹ್ನ. ಹೌದಲ್ರಿ? ಸೋಮವಾರ ಮುಂಜಾನಿ ಹತ್ತಕ್ಕ ಕಂಟೋನ್ಮೆಂಟಿನ ನಿಮ್ಮ ಮನಿಗೆ ಬಾ ಅಂತ ಇವ್ರಿಗೆ ಹೇಳಿದ್ರಿ."

"ಹೌದು."

"ಸಂಜಿಕ್ಕ ಫೋನ್ ಬಂತು. ಯಾರೋ ಗೊತ್ತಿಲ್ಲದ ದನಿ. ಸೋಮವಾರ ಹತ್ತಕ್ಕ ಕಂಟೋನ್ಮೆಂಟಿಗೆ ಹೊಂಟೀಯಂತಲ್ಲ, ಅಲ್ಲಿಗೆ ಮುಟ್ಟಂಗಿಲ್ಲ ನೀನು ಅಂದ. ಜಾಗ, ಹೊತ್ತು, ಎಲ್ಲಾ ಕರೆಕ್ಟ್. ನಮ್ಮ ಮನ್ಯಾಗ ನಾವಿಬ್ರೇ ಇರೋದು. ನಾವು ಒಂದು ನಾಯಿಗೂ ಹೇಳಿಲ್ಲ. ನೀವು ಯಾರಿಗೆ ಹೇಳಿದ್ರಿ ಅಕ್ಕಾರ?"

ಉತ್ತರ ಒಂದೇ ಇತ್ತು. ಆ ಶುಕ್ರವಾರ ಕಚೇರಿಗೆ ಹೋಗಿ, ಚಹಾ ಕುಡಿಯುತ್ತ, ನಾನು ಹೇಳಿದ್ದು ಒಬ್ಬರಿಗೆ ಮಾತ್ರ. ಮನಸ್ಸು ಅದನ್ನು ಹತ್ತಿರ ಬರಗೊಡಲಿಲ್ಲ. ಕಚೇರಿಯಲ್ಲಿ ಬೇರೆ ಯಾರಾದರೂ ಕೇಳಿಸಿಕೊಂಡಿರಬಹುದು ಅಂದುಕೊಂಡೆ.

"ನಿನ್ನ ಗಂಡಗ ಆ ಸರ್ಟಿಫಿಕೇಟು ಬರಿಯಾಕ ಹೇಳ್ತಿದ್ದೋರು ಯಾರು?"

"ಮುಖ ನೋಡಿಲ್ಲ. ಲಕೋಟಿ ಬರ್ತಿತ್ತು, ಲಕೋಟಿ ಹೋಗ್ತಿತ್ತು. ಒಂದಕ್ಕ ಐನೂರು. ಯಾರೋ ರಜಾಕ್ಕ ಕೇಳ್ತಾರ, ಬರ್ದು ಕೊಟ್ರ ಯಾರ ಮನಿ ಮುಳುಗ್ತೈತಿ ಅಂತ ಇವ್ರೂ ಸೀಲ್ ಒತ್ತಿದ್ರು. ಅದು ತಪ್ಪೇರಿ, ನಾ ಸರಿ ಅನ್ನಂಗಿಲ್ಲ. ಆಮ್ಯಾಲ ನಮ್ಮವ್ವನ ಓಣಿ ಗಿಡ್ಡಮ್ಮಗ ವಿಮಾನದ ಸಾಲದ ನೋಟೀಸ್ ಬಂತು. ಆಕಿ ಬಸ್ ಹತ್ತಿದ್ರೇ ವಾಂತಿ ಮಾಡ್ಕೋತಾಳ, ಅಂಥಾಕಿಗೆ ವಿಮಾನದ ಸಾಲ! ಇವ್ರು ಅವತ್ತು ಊಟ ಮಾಡ್ಲಿಲ್ಲ. ನಾನೇ ಬರ್ದ ಜ್ವರ ಇದು ಅಂದ್ರು."

"ಆ ಲಕೋಟಿ ಏನರ ಉಳಿದಾವಾ?"

"ಏಳು ಉಳಿದಾವ. ಇವ್ರ ಚೀಲದಾಗ ಅದಾವ. ಇವ್ರು ಬರ್ದಿದ್ದು ಸರಿ ಇಲ್ದಿದ್ರ ಪೆನ್ಸಿಲ್ಲಿನಾಗ ತಿದ್ದಿ ವಾಪಸ್ ಕಳಿಸ್ತಿದ್ರು. ಹದಿನೆಂಟಕ್ಕ ವಿಮಾನ ಇದ್ರ ಜ್ವರ ಹದಿನಾರಕ್ಕ ಬರ್ಬೇಕು, ಹದಿನೇಳಕ್ಕ ಬರಂಗಿಲ್ಲ ಅಂತ."

ಎರಡು ದಿನ. ಆ ಲೆಕ್ಕ ನನಗೆ ಗೊತ್ತಿತ್ತು.

ಪ್ರಯಾಣಕ್ಕೆ ಎರಡು ದಿನ ಮೊದಲಿನ ಸರ್ಟಿಫಿಕೇಟಾದರೆ ಪ್ರಶ್ನೆ ಕೇಳದೆ ಪಾಸು ಮಾಡುತ್ತೇವೆ. ಒಂದೇ ದಿನ ಮೊದಲಿನದಾದರೆ ಆಸ್ಪತ್ರೆಗೆ ಫೋನ್ ಮಾಡಿ ವಿಚಾರಿಸುತ್ತೇವೆ. ಇದು ಪಾಲಿಸಿಯ ಕಾಗದದಲ್ಲಿ ಅಚ್ಚಾಗಿಲ್ಲ. ವಿಮಾನ ಕಂಪನಿಗೂ ಗೊತ್ತಿಲ್ಲ, ಸಂಗಮೇಶನಿಗೂ ಗೊತ್ತಿಲ್ಲ. ಬಳ್ಳಾರಿ ಕಚೇರಿಯಲ್ಲಿ ಒಂದು ಮೇಜಿನ ಮೇಲೆ ಮಾತ್ರ ಆ ನಿಯಮ ಬದುಕಿರುವುದು. ನಲವತ್ತೊಂದು ಕ್ಲೇಮುಗಳೂ ಪಾಸಾದದ್ದು ಅದೇ ಮೇಜಿನ ಮೇಲೆ. ನನಗೆ ಈ ತನಿಖೆ ಒಪ್ಪಿಸಿದ್ದು ಮುಂಬಯಿಯ ಮುಖ್ಯ ಕಚೇರಿ. ಚನ್ನಬಸವರಾಜ ಅವರು ತಾವಾಗಿ ಒಪ್ಪಿಸಿರಲಿಲ್ಲ. ನಾನದನ್ನು ಯೋಚಿಸಿಯೇ ಇರಲಿಲ್ಲ.

ಮನೆಯೊಳಗಿನ ಗಡಿಯಾರ ನೋಡಿದೆ. ಚನ್ನಬಸವರಾಜ ಅವರಿಗೆ ನಾನು ಫೋನ್ ಮಾಡಿ ಒಂದೂವರೆ ತಾಸು ದಾಟಿತ್ತು. ಬಳ್ಳಾರಿಯಿಂದ ಕುರುಗೋಡಿಗೆ ಮುಕ್ಕಾಲು ತಾಸು ಸಾಕು.

"ನಿಮ್ಮವ್ವಗ ಫೋನ್ ಹಚ್ಚು," ಎಂದೆ.

"ಯಾಕ್ರಿ?"

"ಹಚ್ಚು ಲಗೂ!"

ಅವಳು ನಂಬರ್ ಒತ್ತಿದಳು. ಎರಡನೆಯ ಸಲಕ್ಕೆ ಹತ್ತಿತು. ಅವಳ ತಾಯಿ ಕೊಟ್ರಮ್ಮನ ದನಿ ಸ್ಪೀಕರಿನಲ್ಲಿ ನಗುನಗುತ್ತ ಬಂತು.

"ಈಗ ನಾನೇ ಹಚ್ಚಬೇಕು ಅಂತಿದ್ದೆ ನೋಡವ್ವಾ. ಇದೀಗ ಹೊಂಟ್ರು."

"ಯಾರವ್ವಾ ಹೊಂಟ್ರು?"

"ಅಳಿಯಂದ್ರು! ಪೊಲೀಸ್ ಸಾಹೇಬ್ರು ಕಾರು ತಗೊಂಡು ಬಂದಿದ್ರು. ಸುನಂದಮ್ಮೋರು ಕಳಿಸ್ಯಾರ, ಇನ್ನ ಹೆದ್ರೋ ಕೆಲ್ಸಿಲ್ಲ ಅಂದ್ರು. ಸಿರುಗುಪ್ಪದಾಗ ನಿಮ್ಮ ಮನ್ಯಾಗೇ ಕೂತಾರಂತ, ಅಲ್ಲಿಗೇ ಕರ್ಕೊಂಡು ಹೋಗ್ತೀನಿ ಅಂದ್ರು."

"ಯಾರೋ ಏನೋ! ಹೆಂಗ ಕಳಿಸಿದ್ರಿ ನೀವು?" ವಿಜಯಲಕ್ಷ್ಮಿ ಕೂಗಿದಳು.

"ಯಾರೋ ಹೆಂಗಾಗ್ತಾರವ್ವಾ? ನೀನು ಬ್ರೂಸ್‌ಪ್ಯಾಟ್ಯಾಗ ಜೆರಾಕ್ಸ್ ಕೊಟ್ಟಿದ್ದು, ಮೂಕ ವಿಮಾನದಾಗ ಹೋಗಿದ್ದು, ಸಾವಿರದೈನೂರು ಬಂದಿದ್ದು, ಒಂದೂ ಬಿಡದಂಗ ಹೇಳಿದ್ರು. ಮನಿ ಮಂದಿ ಬಾಯಿಂದ ಕೇಳದ ಯಾರಿಗೆ ಗೊತ್ತಾಗ್ತೈತಿ? ನೀನೇ ಸುನಂದಮ್ಮೋರಿಗೆ ಹೇಳಿರ್ಬೇಕು ಅಂತ ಅಳಿಯಂದ್ರೂ ನಂಬಿದ್ರು. ಚೀಲಾನೂ ತಗೊಂಡೇ ಹೋದ್ರು."

ವಿಜಯಲಕ್ಷ್ಮಿ ನನ್ನ ಕಡೆ ತಿರುಗಿದಳು. ಆ ವಿವರಗಳನ್ನೆಲ್ಲ ನಾನು ಫೋನಿನಲ್ಲಿ ಹೇಳಿದ್ದು ಒಬ್ಬರಿಗೇ.

"ಸಾಹೇಬ್ರು ನೋಡಾಕ ಹೆಂಗಿದ್ರು ಕೊಟ್ರಮ್ಮಾ?" ಎಂದೆ.

"ಯಾರ್ರೀ, ಸುನಂದಮ್ಮೋರಾ? ಶಾಣ್ಯಾ ಮನುಷ್ಯರ್ರೀ. ನೆತ್ತಿ ಮ್ಯಾಲ ಕೂದ್ಲಿಲ್ಲ, ಹಣಿ ತುಂಬ ವಿಭೂತಿ. ಭಾಳ ಮೆತ್ತಗ ಮಾತಾಡಿದ್ರು. ಬಿಸಿಲೈತಿ, ಒಳಗ ಹೋಗ್ರವ್ವಾ ಅಂದ್ರು."

ಅವಳ ಫೋನು ಕೆಳಗಿಟ್ಟು ನನ್ನದನ್ನು ಕೈಗೆತ್ತಿಕೊಂಡೆ. ಪೊಲೀಸರಿಗೆ ಮಾಡಬೇಕೋ ಚನ್ನಬಸವರಾಜ ಅವರಿಗೆ ಮಾಡಬೇಕೋ ತಿಳಿಯಲಿಲ್ಲ. ಠಾಣೆಯ ದೃಷ್ಟಿಯಲ್ಲಿ ತಿಪ್ಪೇಸ್ವಾಮಿ ವಾರಾಣಸಿಯಲ್ಲಿದ್ದಾನೆ. ಅವನು ಕುರುಗೋಡಿನಲ್ಲಿದ್ದ ಎಂದು ಪೊಲೀಸರನ್ನು ನಂಬಿಸುವಷ್ಟರಲ್ಲಿ ಕಾರು ಎಲ್ಲಿಗೆ ಬೇಕಾದರೂ ಮುಟ್ಟುತ್ತದೆ. ನಾ ಹೇಳ್ತೀನಿ ಎಂದವರು ಠಾಣೆಗೆ ಹೇಳಿರುವುದಿಲ್ಲ, ಅದು ಈಗ ಖಾತ್ರಿಯಾಗಿತ್ತು.

ಚನ್ನಬಸವರಾಜ ಅವರ ನಂಬರ್ ಒತ್ತಿದೆ. ಮೂರನೆಯ ರಿಂಗಿಗೆ ಎತ್ತಿದರು.

"ಹೇಳ್ರಿ ಸುನಂದಮ್ಮಾ. ಮುಟ್ಟಿದ್ರೇನು ಸಿರುಗುಪ್ಪ?" ಅದೇ ದನಿ. ಹನ್ನೆರಡು ವರ್ಷ ನನಗೆ ಧೈರ್ಯ ಹೇಳಿದ ದನಿ.

"ಮುಟ್ಟೀನಿ ಸರ್. ಹೆಂಡ್ತಿ ಬಾಯಿ ಬಿಡವಲ್ಲಳು. ನೀವೆಲ್ಲಿ ಅದೀರಿ?"

"ಆಫೀಸಿನಾಗ. ಇನ್ಸ್‌ಪೆಕ್ಟರ್ ಸಾಹೇಬ್ರು ಮುಂದೇ ಕೂತಾರ, ನಿಮ್ಮದೇ ಮಾತು ನಡದೈತಿ."

ನನ್ನ ಪಕ್ಕದಲ್ಲಿ ವಿಜಯಲಕ್ಷ್ಮಿ ಫೋನಿಗೆ ಕಿವಿ ತಾಗಿಸಿದ್ದಳು. ಇನ್ನೊಂದು ಮಾತು ಎಳೆಯೋಣ, ಇನ್ನೊಂದು ನಿಮಿಷ ಅವರನ್ನು ಮಾತಿನಲ್ಲಿ ಹಿಡಿಯೋಣ ಎಂದು ನಾನು ಬಾಯಿ ತೆರೆಯುವುದರೊಳಗೆ, ಅವರ ಹಿಂದಿನಿಂದ ಇನ್ನೊಂದು ದನಿ ಕೇಳಿಸಿತು. ಮೃದುವಾದ, ಸಂಕೋಚದ ದನಿ, ಆ ಶುಕ್ರವಾರ ನನಗೆ ಮಾತು ಕೊಟ್ಟ ದನಿ.

"ಸಾಹೇಬ್ರೆ, ಸಿರುಗುಪ್ಪದ ರಸ್ತಿ ಹಿಂದೇ ಉಳೀತಲ್ರಿ?"

ಫೋನ್ ಕಟ್ಟಾಯಿತು.